ಜೈನಾಬಿಯ ಮೂವತ್ತು ಮಾರು ಫಿಲ್ಮು

ಗೌಸಬಿಯ ತಾಯಿಯ ಮುಖವನ್ನು ಕತ್ತರಿಸಿ ತೆಗೆದವನು ನಾನು. ಕತ್ತರಿ ನನ್ನದು, ಕೈ ನನ್ನದು, ಬುದ್ಧಿಯೂ ನನ್ನದೇ — ಯಾರೂ ಹೇಳಿಕೊಟ್ಟದ್ದಲ್ಲ. ಆಮೇಲೆ ನಲವತ್ತು ಜನರ ಎದುರು ನಿಂತು, "ಇದರಾಗ ಹೆಂಗಸ ಇಲ್ಲ ಗೌಸಬಿ, ಬರೇ ಕುದುರಿ ಅದಾವ" ಎಂದು ಹೇಳಿದವನೂ ನಾನೇ. ಜನ ನಕ್ಕರು. ನಾನೂ ನಕ್ಕೆ. ಹತ್ತೊಂಬತ್ತು ವರ್ಷ ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡಿದ್ದೇನೆ, ತಿರುಗಾಡಿದ್ದೇನೆ, ಮಲಗಿದ್ದೇನೆ. ನಿದ್ದೆ ಬರುತ್ತಿರಲಿಲ್ಲ ಎಂದು ಬರೆದರೆ ಓದುವ ನೀವು ಸ್ವಲ್ಪ ಕರಗಬಹುದು. ಆದರೆ ಅದೂ ಸುಳ್ಳಾಗುತ್ತದೆ. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ನನ್ನ ಹೆಸರು ಚನಬಸಪ್ಪ. ಸವಣೂರಿನ ಟಾಕೀಜಿನಲ್ಲಿ ಮೂವತ್ತೆಂಟು ವರ್ಷ ಮಶಿನ್ ಆಪರೇಟರ್ ಆಗಿದ್ದೆ. ಈಗ ಎಪ್ಪತ್ತೆಂಟು ವಯಸ್ಸು. ಗೌಸಬಿ ಅದೇ ಟಾಕೀಜಿನ ಗೇಟಿನ ಪಕ್ಕ ಬುಟ್ಟಿ ಇಟ್ಟುಕೊಂಡು ಎಲೆ-ಅಡಿಕೆ ಮಾರುತ್ತಿದ್ದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಕೆಲಸಕ್ಕೆ ಸೇರಿದ ದಿನವೂ ಅವಳು ಅಲ್ಲೇ ಕುಳಿತಿದ್ದಳು. ಅವಳ ಬಾಯಿ ಬಲು ಚುರುಕು. ಎಲೆಗೆ ಸುಣ್ಣ ಹಚ್ಚಿದಷ್ಟೇ ಸಲೀಸಾಗಿ ಮನುಷ್ಯರಿಗೂ ಹಚ್ಚುತ್ತಿದ್ದಳು. ಜನ ಅವಳ ಮಾತು ಕೇಳಲೆಂದೇ ಗೇಟಿನ ಬಳಿ ಹತ್ತು ನಿಮಿಷ ಹೆಚ್ಚಿಗೆ ನಿಲ್ಲುತ್ತಿದ್ದರು.

ನನಗೂ ಒಂದು ದಿನ ಹಚ್ಚಿದಳು. ನನ್ನ ಹೆಂಡತಿ ಮದುವೆಯಾದ ಏಳನೇ ವರ್ಷಕ್ಕೆ ನನ್ನನ್ನು ಬಿಟ್ಟು ಹಂಸಭಾವಿಯ ತವರಿಗೆ ಹೋಗಿದ್ದಳು, ಮತ್ತೆ ಬರಲಿಲ್ಲ. ತಪ್ಪು ನನ್ನದೇ — ಅದರ ವಿವರ ಇಲ್ಲಿ ಬೇಡ, ಒಂದು ಬರಹಕ್ಕೆ ಒಂದು ಪಾಪ ಸಾಕು. ಅದಾಗಿ ಎಷ್ಟೋ ವರ್ಷದ ಮೇಲೆ, ಒಂದು ಬೇಸಿಗೆಯ ಮ್ಯಾಟ್ನಿಯಲ್ಲಿ ಫಿಲ್ಮು ಹರಿಯಿತು. ಟಾಕೀಜು ತುಂಬಿತ್ತು. ಸೀಟಿ, ಕೂಗು, ನಮ್ಮವ್ವ ನಮ್ಮಪ್ಪನ ಹೆಸರೆತ್ತಿ ಬೈಗುಳ. ಐದು ನಿಮಿಷ ತಡೆಯಿರಿ ಎಂದು ಹೇಳಲು ನಾನು ಬೂತಿನ ಮೆಟ್ಟಿಲ ಮೇಲೆ ಬಂದು ನಿಂತೆ. ಆಗ ಗೇಟಿನಿಂದ ಗೌಸಬಿಯ ದನಿ ಬಂತು:

"ಪಾಪ, ಅವಗ್ಯಾಕ ಬೈತೀರ್ರೋ? ಅವನ ಲಗ್ನದ ರೀಲನ ನಡಕ ಹರದೈತಿ, ಇದೇನ ದೊಡ್ಡದು!"

ಬೈಯುತ್ತಿದ್ದ ಜನ ಬೈಯುವುದನ್ನು ಬಿಟ್ಟು ನಗಲು ಶುರುಮಾಡಿದರು. ಸಂಜೆಯ ಹೊತ್ತಿಗೆ ಅವಳು ಮರೆತಿದ್ದಳು. ಒಂದು ಎಲೆ ಮಡಿಚಿ ಕೊಟ್ಟು, "ತಗೋ ಚನಬಸಣ್ಣಾ, ಸಿಟ್ಟಾಗಬ್ಯಾಡ" ಅಂದಳು. ನಾನು ಆ ಎಲೆಯನ್ನು ತಿಂದೆ. ಊರು ಮಾತ್ರ ಮರೆಯಲಿಲ್ಲ. ಚಹಾದಂಗಡಿಗೆ ಹೋದರೆ, "ರೀಲ ಜೋಡಿಸಿದಿ ಏನೋ?" ಕ್ಷೌರಕ್ಕೆ ಕೂತರೆ, "ಹಂಸಭಾವಿಗೆ ಅಂಟ ತಗೊಂಡ ಹೋಗಲೇ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು — ಆಡಿದವಳಿಗೆ ಏನೂ ಆಗಲಿಲ್ಲ, ನನಗೆ ಮಾತ್ರ ಆಯಿತು. ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ನನಗೆ ಅಷ್ಟು ಕಾಯುವ ಕಷ್ಟ ಬರಲಿಲ್ಲ, ಆರನೇ ವರ್ಷಕ್ಕೇ ಅವಳು ನನ್ನ ಕೈಗೆ ಸಿಕ್ಕಳು.

ಇದನ್ನು ಕಾರಣವೆಂದು ಹೇಳುತ್ತಿಲ್ಲ. ಒಂದು ಚೇಷ್ಟೆಯ ಮಾತಿಗೆ ನಾನು ಕೊಟ್ಟ ಉತ್ತರ ಎಂಥದು ಎಂದು ನೀವೇ ಅಳೆದು ನೋಡಿ, ಅದಕ್ಕಾಗಿ ಹೇಳಿದೆ.

ಇನ್ನು ಅವಳ ತಾಯಿಯ ಮಾತು. ಹೆಸರು ಜೈನಾಬಿ. ಮೂಕಿ ಚಿತ್ರಗಳ ಕೊನೆಯ ಕಾಲದಲ್ಲಿ, ಮದುವೆಗೆ ಮೊದಲು, ಊರೂರಿಗೆ ತಂಬು ಹೊಡೆದು ಚಿತ್ರ ತೋರಿಸುತ್ತಿದ್ದ ಒಬ್ಬ ಮನುಷ್ಯನ ಕಂಪನಿಯ ಜೊತೆ ಆಕೆ ಸವಣೂರು ಬಿಟ್ಟು ಹೋದಳಂತೆ. ಒಂದೂವರೆ ವರ್ಷಕ್ಕೆ ತಿರುಗಿ ಬಂದಳು. ಊರು ಏನೆಂದಿತು ಎಂದು ಬಿಡಿಸಿ ಬರೆಯಬೇಕಾಗಿಲ್ಲ. "ತಂಬೂದಾಕಿ" ಎಂಬ ಹೆಸರು ಬಿತ್ತು. ಆಕೆ ಮಾತ್ರ ಸಾಯುವವರೆಗೂ ಹೇಳಿದ್ದು ಒಂದೇ ಮಾತು — ಕೊಲ್ಲಾಪುರದ ಕಡೆ ಒಂದು ಚಿತ್ರದಲ್ಲಿ ಹೆಂಡತಿಯ ಪಾರ್ಟು ಮಾಡಿದೆ, ಬೇರೇನೂ ಇಲ್ಲ. ಯಾರೂ ನಂಬಲಿಲ್ಲ. ತಡವಾಗಿ ಒಬ್ಬ ಹೆಂಡತಿ ಸತ್ತವನ ಜೊತೆ ನಿಕಾಹ್ ಆಯಿತು, ಗೌಸಬಿ ಹುಟ್ಟಿದಳು, ಮಗುವಿಗೆ ಎರಡು ವರ್ಷ ತುಂಬುವುದರೊಳಗೆ ತಾಯಿ ಜ್ವರ ಬಂದು ಹೋದಳು. ಒಂದು ಫೋಟೋ ಇರಲಿಲ್ಲ. ಗೌಸಬಿಯನ್ನು ಸಾಕಿದ್ದು ತಾಯಿಯ ತಂಗಿ, ಅವಳು ಖಾಲಾ ಎಂದು ಕರೆಯುತ್ತಿದ್ದ ಮುದುಕಿ.

ಆ ಖಾಲಾ ಹಿಂದೊಮ್ಮೆ ಆ ಚಿತ್ರವನ್ನು ತಂಬುವಿನಲ್ಲಿ ನೋಡಿದ್ದಳಂತೆ. "ನಿಮ್ಮವ್ವ ದೀಪ ಹಿಡ್ಕೊಂಡ ಬಾಗಲದಾಗ ನಿಂತಿರ್ತಾಳ. ಗಂಡ ಟೋಪಿ ಹಾಕ್ಕೊಂಡ ಕುದುರಿ ಮ್ಯಾಲೆ ಬರ್ತಾನ" ಎಂದು ಹೇಳುತ್ತಿದ್ದಳು. ಗೌಸಬಿ ಅದನ್ನೇ ಗೇಟಿನಲ್ಲಿ ಕುಳಿತು ಎಲ್ಲರಿಗೂ ಹೇಳುತ್ತಿದ್ದಳು. ಅದೊಂದು ವಿಷಯದಲ್ಲಿ ಅವಳ ಬಾಯಿ ಚುರುಕಾಗಿರುತ್ತಿರಲಿಲ್ಲ, ಮೆತ್ತಗಾಗುತ್ತಿತ್ತು. ಜನ ಬಿಡುತ್ತಾರೆಯೇ? "ಟೋಪಿ ಗಂಡ? ನಿಮ್ಮವ್ವ ಬಿಳೇ ಸಾಹೇಬನ್ನ ಕಟ್ಕೊಂಡಿದ್ಲೇನಬೇ?" ಎಂದು ಕಾಡುತ್ತಿದ್ದರು.

ಊರಿಗೆ ಅದು ನಗೆಯ ಮಾತು. ಆದರೆ ನನಗೆ ಗೊತ್ತಿತ್ತು — ಅದು ನಿಜವಿರಬಹುದು ಎಂದು. ನನಗೆ ಮಶಿನ್ ಕಲಿಸಿದ ಉಸ್ತಾದ ಹರೆಯದಲ್ಲಿ ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ ಕಡೆಯ ತಂಬುಗಳಲ್ಲಿ ಕೈಯಿಂದ ಮಶಿನ್ ತಿರುಗಿಸಿದವನು. ಅವನು ಹೇಳುತ್ತಿದ್ದ: ಆಗ ಜನಕ್ಕೆ ಬೇಕಾದದ್ದು ಕುದುರೆ. ಅಮೆರಿಕದ ಟೋಪಿಯವರು ಕುದುರೆ ಓಡಿಸುವ, ಪಿಸ್ತೂಲು ಹಾರಿಸುವ ಚಿತ್ರಗಳು ಸವೆದು ಹಳತಾದ ಮೇಲೆ ಮುಂಬೈಯಿಂದ ಈ ಕಡೆ ಬರುತ್ತಿದ್ದವು. ನಮ್ಮವರು ತೆಗೆದ ಸಂಸಾರದ ನಾಟಕದ ಚಿತ್ರ ಹಾಕಿದರೆ ಕಾಲು ಗಂಟೆಗೆ ಜನ, "ಕುದುರಿ ಬಿಡೋ!" ಎಂದು ಕೂಗುತ್ತಿದ್ದರು. ಅದಕ್ಕೆ ತಂಬಿನವರು ಒಂದು ಉಪಾಯ ಮಾಡಿದ್ದರು — ಎರಡನ್ನೂ ಕತ್ತರಿಸಿ ಒಂದೇ ರೀಲಿಗೆ ಜೋಡಿಸುವುದು. ಒಂದಿಷ್ಟು ಕುದುರೆ, ಒಂದಿಷ್ಟು ಸಂಸಾರ, ಮತ್ತೆ ಕುದುರೆ. ಪರದೆಯ ಪಕ್ಕ ಕೋಲು ಹಿಡಿದು ನಿಂತು ಕಥೆ ಹೇಳುವವನು ಇರುತ್ತಿದ್ದನಲ್ಲ, ಅವನೇ ಎಲ್ಲವನ್ನೂ ಕೂಡಿಸುವನು: "ಅಗೋ, ಆ ಟೋಪಿಯವ ಯಾರು? ಈ ತಾಯಿಯ ಗಂಡ! ಹೆಂಡತಿ ದೀಪ ಹಚ್ಚಿಕೊಂಡು ಕಾಯುತ್ತಿದ್ದಾಳೆಂದು ಹತ್ತು ಹರದಾರಿಯಿಂದ ಓಡಿ ಬರುತ್ತಿದ್ದಾನೆ!" ಜನ ಅದನ್ನೇ ನಂಬಿ ಕಣ್ಣೀರು ಹಾಕುತ್ತಿದ್ದರಂತೆ.

ಗೌಸಬಿಯ ಖಾಲಾ ನೋಡಿದ್ದು ಇಂಥದೇ ಒಂದು ಕೂಡಿಕೆಯ ಚಿತ್ರ. ಇದನ್ನು ನಾನು ಯಾವತ್ತಾದರೂ ಗೇಟಿಗೆ ಬಂದು ನಾಲ್ಕು ಜನರೆದುರು ಹೇಳಿದ್ದರೆ ಆ ಚೇಷ್ಟೆ ಅಲ್ಲಿಗೇ ನಿಲ್ಲುತ್ತಿತ್ತು. ಹೇಳಲಿಲ್ಲ. ಕೇಳಿ ನಗುತ್ತಿದ್ದೆ.

ಖಾಲಾ ತೀರಿಕೊಂಡಳು. ಅವಳ ಮನೆ ಖಾಲಿ ಮಾಡುವಾಗ ಜೋಳದ ಗಡಿಗೆಗಳ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ತಂಬಿನವನು ಕಂಪನಿ ಮುಚ್ಚುವಾಗ ಜೈನಾಬಿಗೆ ಕೊಟ್ಟು ಹೋದದ್ದಂತೆ. ಅದನ್ನು ಒಂದು ಹಳೇ ಸೀರೆಯಲ್ಲಿ ಸುತ್ತಿಕೊಂಡು ಗೌಸಬಿ ಒಂದು ಬೆಳಿಗ್ಗೆ ಬೂತಿನ ಮೆಟ್ಟಿಲು ಹತ್ತಿ ಬಂದಳು. ಅಷ್ಟು ವರ್ಷದಲ್ಲಿ ಅವಳು ಮೇಲೆ ಬಂದದ್ದು ಅದೇ ಮೊದಲು. ನನಗೆ "ರಿ" ಹಚ್ಚಿ ಮಾತನಾಡಿದ್ದೂ ಅದೇ ಮೊದಲು.

"ಚನಬಸಣ್ಣಾ, ಇದನ್ನೊಂಚೂರ ನೋಡ್ರಿ. ನಮ್ಮವ್ವನ ಫೋಟೋ ಒಂದೂ ಇಲ್ರಿ. ಆಕಿ ಮಾರಿ ಹೆಂಗಿತ್ತ ಅನ್ನೂದ ನನಗ ಗೊತ್ತಿಲ್ಲ. ಕಣ್ಣ ಮುಚ್ಚೂದ್ರಾಗ ಒಮ್ಮೆ ನೋಡಬೇಕ್ರಿ. ಇಷ್ಟ ಮಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ಮಾತಿಗೆ ಅಂದದ್ದಲ್ಲ, ನಿಜಕ್ಕೂ ಬಗ್ಗಿದಳು. ಅರವತ್ಮೂರು ವರ್ಷದ ಹೆಂಗಸು, ನನಗಿಂತ ಹಿರಿಯಳು. ನಾನು ಬೇಡ ಅನ್ನಲಿಲ್ಲ. ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಅವಳು ಎದ್ದು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೂ ಹಾಗೇ ಕೂತಿದ್ದು, "ಎರಡ ದಿನಾ ಬಿಟ್ಟ ಬಾ" ಅಂದೆ.

ಎರಡು ದಿನ ನಾನು ಅದನ್ನು ಫಿಲ್ಮು ಸುತ್ತುವ ಮೇಜಿನ ಮೇಲಿಟ್ಟು ಕೈಯಿಂದಲೇ ಬಿಚ್ಚಿದೆ. ಆ ಕಾಲದ ಫಿಲ್ಮು ಮದ್ದಿನಂತೆ ಹತ್ತಿಕೊಳ್ಳುತ್ತದೆ, ತಂಪಿನಲ್ಲಿಡದಿದ್ದರೆ ಕೊಳೆತು ಪುಡಿಯಾಗುತ್ತದೆ ಎಂದು ಉಸ್ತಾದ ಹೇಳಿದ್ದು ನೆನಪಿತ್ತು. ಫಿಲ್ಮಿನ ಅಂಚನ್ನು ಎರಡು ಬೆರಳ ನಡುವೆ ಹಿಡಿದು ನಿಧಾನ ಸುತ್ತುತ್ತಾ ಹೋದರೆ ಜೋಡಣೆ ಬಂದಲ್ಲಿ ಬೆರಳಿಗೆ ದಪ್ಪ ಹತ್ತುತ್ತದೆ. ಮೊದಲು ಟೋಪಿಯವರು, ಕುದುರೆ, ಧೂಳು. ಅರ್ಧ ದಾಟಿದ ಮೇಲೆ ಬೆರಳಿಗೆ ಒಂದು ದಪ್ಪ ಜೋಡಣೆ ಹತ್ತಿತು. ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದೆ.

ಬಾಗಿಲಲ್ಲಿ ಒಬ್ಬ ಹೆಂಗಸು. ಹಣೆಗೆ ದೊಡ್ಡ ಕುಂಕುಮ, ಕಚ್ಚೆ ಹಾಕಿ ಉಟ್ಟ ಸೀರೆ, ಕೈಯಲ್ಲಿ ದೀಪ. ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು ಹೊರಗೆ ನೋಡುತ್ತಾಳೆ. ಮುಂದಿನ ತುಂಡಿನಲ್ಲಿ ಮುಖ ಹತ್ತಿರ ಬರುತ್ತದೆ, ಚೌಕಟ್ಟಿನ ತುಂಬ. ಎಡಗಡೆಯ ಹುಬ್ಬು ಬಲಗಡೆಗಿಂತ ಒಂಚೂರು ಮೇಲೆ. ಅಳಬೇಕಾದ ಹೊತ್ತು, ಆದರೆ ಕ್ಯಾಮೆರಾದ ಹಿಂದೆ ಯಾರೋ ಏನೋ ಅಂದಿರಬೇಕು — ಫಕ್ಕನೆ ನಕ್ಕುಬಿಡುತ್ತಾಳೆ. ಮುಂದಿನ ಎರಡು ಹಲ್ಲಿನ ನಡುವೆ ಸಂದಿ. ನಕ್ಕದ್ದಕ್ಕೆ ನಾಚಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಮತ್ತೆ ಅಳಲು ನೋಡುತ್ತಾಳೆ. ತಂಬಿನವನು ಆ ನಗೆಯನ್ನೂ ಬಿಡದೆ ಜೋಡಿಸಿದ್ದ. ಯಾರ ತಾಯಿ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಗೇಟಿನಲ್ಲಿ ನಾನು ಅಷ್ಟು ವರ್ಷ ನೋಡಿದ ಮುಖವೇ ಅದು.

ನನಗೆ ಆಗ ಏನು ಅನ್ನಿಸಿತು? ಸರಿಯಾಗಿ ಹೇಳಬೇಕು. ಮೊದಲ ಒಂದು ಗಳಿಗೆ — ಒಂದೇ ಗಳಿಗೆ — ಕೆಳಗೆ ಓಡಿಹೋಗಿ ಅವಳನ್ನು ಕರೆಯಬೇಕು ಅನ್ನಿಸಿತು. "ಸಿಕ್ಕಳಬೇ ನಿಮ್ಮವ್ವ!" ಅನ್ನುವ ಮಾತು ಬಾಯಿಗೂ ಬಂದಿತ್ತು. ಆಮೇಲೆ ಕೆಳಗಿನಿಂದ ಅವಳ ದನಿ ಕೇಳಿತು, ಯಾರಿಗೋ ಏನೋ ಹಚ್ಚಿದಳು, ನಾಲ್ಕು ಜನ ನಕ್ಕರು. ನನ್ನ ಬಗ್ಗೆ ಇರಲಿಕ್ಕಿಲ್ಲ. ಆದರೂ ನನ್ನ ಕಿವಿಗೆ ಅದು ನನ್ನ ಬಗ್ಗೆಯೇ ಕೇಳಿತು. ಕತ್ತರಿ ಪಕ್ಕದಲ್ಲೇ ಇತ್ತು.

ಎರಡು ತುದಿ ಕತ್ತರಿಸಿದೆ. ಎರಡು ತೋಳು ಚಾಚಿ ಅಳೆದೆ, ಮೂವತ್ತು ಮಾರು ಆಯಿತು. ಉಳಿದ ಕುದುರೆಗೆ ಕುದುರೆಯನ್ನು ಜೋಡಿಸಿದೆ — ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕ ಜೋಡಣೆ ಮಾಡಿರಲಿಲ್ಲ.

ಇಷ್ಟಕ್ಕೇ ಬಿಟ್ಟು, ಇಲ್ಲ ಎಂದು ಅವಳೊಬ್ಬಳಿಗೇ ಹೇಳಿ ಕಳಿಸಬಹುದಿತ್ತು. ನನಗೆ ಅಷ್ಟು ಸಾಲಲಿಲ್ಲ. ಅವಳು ನನ್ನನ್ನು ನಗೆಗೀಡು ಮಾಡಿದ್ದು ಜನರೆದುರು. ಅದಕ್ಕೆ ಮಾಲಕರನ್ನು ಕೇಳಿ ರವಿವಾರ ಬೆಳಿಗ್ಗೆ ಟಾಕೀಜು ತೆರೆಸಿದೆ. ಗೌಸಬಿಗೆ, "ಸಿಕ್ಕಾಳೋ ಇಲ್ಲೋ ಪರದೆ ಮ್ಯಾಲೆ ನೋಡಿದ್ರನ ಗೊತ್ತಾಗೂದು, ಎಲ್ಲಾರ್ನೂ ಕರಕೊಂಡ ಬಾ" ಅಂದೆ. ಅವಳು ಕರೆದಳು. ಎಲೆ ಪೇಟೆಯವರು, ಓಣಿಯವರು, ಜೀವಮಾನವಿಡೀ ಕಾಡಿದವರು — ಎಲ್ಲರನ್ನೂ. ಅವರ ಬಾಯಿ ಮುಚ್ಚಿಸುವ ದಿನ ಬಂತಲ್ಲ ಎಂಬ ಹಿಗ್ಗು ಅವಳಿಗೆ. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಬಂದಿದ್ದಳು. ನೋಡಿದ ಮೇಲೆ ಹಂಚಲೆಂದು ಒಂದು ಪೊಟ್ಟಣದಲ್ಲಿ ಸಕ್ಕರೆ ತಂದಿದ್ದಳು. ಎಲ್ಲರಿಗಿಂತ ಮುಂದಿನ ಬೆಂಚಿನ ಮೇಲೆ, ನಡುವೆ ಕುಳಿತಳು.

ಆ ಚಿತ್ರಗಳನ್ನು ನಿಧಾನ ಓಡಿಸಬೇಕು. ನಮ್ಮ ಮಶಿನ್ ಬೇಗ ಓಡಿಸುತ್ತದೆ, ಹಾಗಾಗಿ ಟೋಪಿಯವರು ಇರುವೆಗಳಂತೆ ಚಡಪಡಿಸಿದರು, ಕುದುರೆಗಳು ಹುಚ್ಚು ಹಿಡಿದಂತೆ ಓಡಿದವು. ಜನ ಮೊದಲ ನಿಮಿಷದಲ್ಲೇ ನಗತೊಡಗಿದರು. ಗೌಸಬಿ ನಗಲಿಲ್ಲ. "ತಡೀರ್ರೋ, ಈಗ ಬರ್ತಾಳ" ಅನ್ನುತ್ತಿದ್ದಳು. ಟೋಪಿಯವನು ಬಂದಾಗ, "ಗಂಡ ಇವನ, ಇವನ! ಇನ್ನ ಬಾಗಲಾ ಬರ್ತೈತಿ ನೋಡ್ರಿ" ಅಂದಳು. ನಾನು ಬೂತಿನ ಕಿಂಡಿಯಿಂದ ಪರದೆಯನ್ನಲ್ಲ, ಅವಳ ತಲೆಯನ್ನು ನೋಡುತ್ತಿದ್ದೆ. ನನ್ನ ಜೋಡಣೆ ಮಶಿನ್ನಿನಲ್ಲಿ ಟಕ್ ಎಂದು ದಾಟಿತು. ಕುದುರೆ ಹೋಯಿತು, ಕುದುರೆ ಬಂತು. ಬಾಗಿಲು ಬರಲಿಲ್ಲ.

ಪರದೆ ಬೆಳ್ಳಗಾಯಿತು. ಅವಳು ಎದ್ದು ತಿರುಗಿ ನಿಂತಳು. ಮಶಿನ್ನಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಅಂಗೈ ಅಡ್ಡ ಹಿಡಿದು ನನ್ನ ಕಿಂಡಿಯ ಕಡೆ ನೋಡಿದಳು. ಆ ನಲವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ — ಅವಳ ತಾಯಿ ಹಾಗೆಯೇ ನಿಂತಿದ್ದಳು ಎಂದು. ನನಗೆ ಗೊತ್ತಿತ್ತು. ನಾನು ದೀಪ ಆರಿಸಿ ಕೆಳಗಿಳಿದು ಬಂದೆ.

"ಮುಗೀತೇನ್ರಿ?"

"ಮುಗೀತು. ಇದರಾಗ ಹೆಂಗಸ ಇಲ್ಲ ಗೌಸಬಿ, ಬರೇ ಕುದುರಿ ಅದಾವ."

"ಹಂಗಾಗಾಕ ಸಾಧ್ಯ ಇಲ್ರಿ. ಸರೀ ನೋಡ್ರಿ. ಎಲ್ಲೋ ನಡಕ—"

"ನಮ್ಮವ್ವನ ಆಣಿ ಮಾಡಿ ಹೇಳ್ತೇನಿ, ಇಲ್ಲ."

ನಮ್ಮವ್ವ ಆಗ ಬದುಕಿದ್ದಳು. ಆಣೆ ಮಾಡುವಾಗ ನನ್ನ ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ: "ಆ ಬಿಳೇ ಕುದುರೀನ ಇರಬೇಕ ನೋಡಬೇ ನಿಮ್ಮವ್ವ!" ಟಾಕೀಜಿನ ತಗಡು ಹಾರಿಹೋಗುವಂತೆ ನಕ್ಕರು. ಇನ್ನೊಬ್ಬ ಕುದುರೆಯಂತೆ ಕೆನೆದ. ನಾನು ಕಂಬಕ್ಕೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆರು ವರ್ಷದ ಬಾಕಿ ಅದು, ಸುಖವಾಗಿತ್ತು.

ಯಾರಿಗಾದರೂ ಹಚ್ಚುವ ಬಾಯಿ ಅವಳದು. ಅವತ್ತು ತಿರುಗಿ ಯಾರಿಗೂ ಹಚ್ಚಲಿಲ್ಲ. ಸಕ್ಕರೆಯನ್ನು ಬೆಂಚಿನ ಮೇಲೆಯೇ ಬಿಟ್ಟು ಹೊರಟಳು. ಬಾಗಿಲ ಬಳಿ ನಿಂತು, "ಆ ಡಬ್ಬಿ ನೀವ ಇಟ್ಕೊರಿ, ನನಗ್ಯಾಕ ಅದು" ಅಂದಳು. ಎಲ್ಲರೂ ಹೋದ ಮೇಲೆ ನಾನು ಆ ಸಕ್ಕರೆಯನ್ನು ಎತ್ತಿಕೊಂಡು ಬಂದು ಚಹಾಕ್ಕೆ ಹಾಕಿ ಕುಡಿದೆ. ಪೂರ್ತಿ ಒಂದು ವಾರ ಬಂತು.

"ಕುದುರಿ ಗೌಸಬಿ" ಎಂಬ ಹೆಸರು ಅವತ್ತೇ ಹುಟ್ಟಿತು. ಎಲೆ ಪೇಟೆಯಲ್ಲಿ ಅವಳು ಹೋದರೆ ಕೆನೆಯುವ ದನಿ. ಎರಡು ತಿಂಗಳು ಗೇಟಿಗೆ ಬಂದಳು, ಆಮೇಲೆ ಬರಲಿಲ್ಲ. ಬಂಕಾಪುರದಲ್ಲಿ ಮಗಳ ಮನೆಗೆ ಹೋದಳೆಂದು ಕೇಳಿದೆ. ಅರವತ್ತು ವರ್ಷ "ನಮ್ಮವ್ವ ಖರೇ ಹೇಳಿದ್ಲು" ಎಂದು ಎದೆ ಸೆಟೆಸಿ ನಿಂತಿದ್ದ ಹೆಂಗಸು, ಹೋಗುವ ಮುಂಚೆ ಪಕ್ಕದ ಅಂಗಡಿಯವನಿಗೆ, "ನಮ್ಮವ್ವ ಸುಳ್ಳ ಹೇಳಿದ್ಲೋ ಏನೋ" ಅಂದಳಂತೆ. ಅವನು ಅದನ್ನು ನನಗೆ ಹೇಳಿದಾಗ ನಾನು, "ಇರಬೇಕು" ಅಂದೆ.

ಆ ಮೂವತ್ತು ಮಾರನ್ನು ಸುಡಲಿಲ್ಲ. ಮನಸ್ಸು ಬರಲಿಲ್ಲ ಎಂದು ಹೇಳಿದರೆ ಒಳ್ಳೆಯವನಾಗಿಬಿಡುತ್ತೇನೆ. ಸಂಗತಿ ಬೇರೆ — ಅದು ನನ್ನ ಹತ್ತಿರ ಇದೆ, ಅವಳ ಹತ್ತಿರ ಇಲ್ಲ ಎಂಬುದು ನನಗೆ ಹಿತವಾಗಿತ್ತು. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಬೂತಿನ ಅಟ್ಟದ ಮೇಲೆ, ಕಾದ ತಗಡಿನ ಕೆಳಗೆ ಇಟ್ಟೆ. ಮೊದಲೆರಡು ವರ್ಷ ಆಗಾಗ ತೆಗೆದು ನೋಡುತ್ತಿದ್ದೆ. ಆ ಹೆಂಗಸು ನನ್ನೊಬ್ಬನಿಗಾಗಿಯೇ ನಗುತ್ತಿದ್ದಳು. ಆಮೇಲೆ ಟಾಕೀಜು ಮುಚ್ಚಿತು. ಬೀಗ ಬಿತ್ತು. ಡಬ್ಬಿ ಒಳಗೇ ಉಳಿಯಿತು, ನಾನು ಅದನ್ನು ಮರೆತೂ ಬಿಟ್ಟೆ.

ಕಳೆದ ವರ್ಷ ಟಾಕೀಜನ್ನು ಕಲ್ಯಾಣ ಮಂಟಪ ಮಾಡಲು ಕೆಡವುವಾಗ, "ಅಜ್ಜಾರ, ನಿಮ್ಮ ಸಾಮಾನ ಏನರ ಇದ್ರ ತಗೊರಿ" ಎಂದು ಹೇಳಿ ಕಳಿಸಿದರು. ಹೋಗಿ ಡಬ್ಬಿ ಇಳಿಸಿದೆ. ಮುಚ್ಚಳ ಏಳಲಿಲ್ಲ, ಚಾಕು ಹಾಕಿ ಎಬ್ಬಿಸಿದೆ. ಒಳಗೆ ಫಿಲ್ಮು ಇರಲಿಲ್ಲ. ಕಂದು ಬಣ್ಣದ ಪುಡಿ, ನಡುವೆ ಬೆಲ್ಲದ ಪಾಕದಂಥ ಒಂದು ಅಂಟುಗಡ್ಡೆ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಬೆರಳು ಹಾಕಿ ಬಿಡಿಸಲು ನೋಡಿದೆ. ಒಂದು ಚೌಕಟ್ಟೂ ಉಳಿದಿರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮೊದಲ ಸಲ ತಿಳಿಯಿತು ನನಗೆ — ನಾನು ಬಚ್ಚಿಟ್ಟಿರಲಿಲ್ಲ, ಕೊಂದಿದ್ದೆ. ಜೈನಾಬಿಯ ಮುಖವನ್ನು ನೋಡಿದ ಜೀವ ಈ ಭೂಮಿಯ ಮೇಲೆ ನಾನೊಬ್ಬನೇ ಉಳಿದಿದ್ದೆ. ನಾನೂ ಎಷ್ಟು ದಿನ? ನೋಡಲೇಬೇಕಾದವಳು ಹದಿನೈದು ಮೈಲಿ ಆಚೆ ಇನ್ನೂ ಬದುಕಿದ್ದಳು. ಆದರೂ ಬಂಕಾಪುರದ ಬಸ್ಸು ಹತ್ತಲು ನನಗೆ ಮತ್ತೆ ಐದು ತಿಂಗಳು ಬೇಕಾಯಿತು. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ.

ಕೋಟೆಯ ಹಿಂದಿನ ಓಣಿಯಲ್ಲಿ ಮನೆ. ಮಧ್ಯಾಹ್ನ ಹನ್ನೆರಡರ ಬಿಸಿಲು, ಎಲ್ಲೋ ನವಿಲು ಕೂಗುತ್ತಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ಬಾಗಿಲು ತೆರೆದು ನೀರು ಕೊಟ್ಟಳು. ಗೌಸಬಿ ಮಂಚದ ಮೇಲೆ ಕುಳಿತು ಎಲೆ ಆರಿಸಿ ಕಟ್ಟು ಕಟ್ಟುತ್ತಿದ್ದಳು. ಸಣ್ಣಗಾಗಿದ್ದಳು, ಹಲ್ಲು ಒಂದೂ ಉಳಿದಿರಲಿಲ್ಲ.

"ನಾ ಚನಬಸಪ್ಪ. ಟಾಕೀಜಿನಾಂವ."

ಅವಳ ಕೈ ಒಂದು ಗಳಿಗೆ ನಿಂತಿತು. "ಬರ್ರಿ. ಕುಂತ್ಕೊರಿ."

ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ — ಕತ್ತರಿಸಿದ್ದು, ಅಳೆದದ್ದು, ಜೋಡಿಸಿದ್ದು, ಆಣೆ ಮಾಡಿದ್ದು, ಸಕ್ಕರೆಯ ವಿಷಯವನ್ನೂ. ಅವಳು ಬೈಯುತ್ತಾಳೆ, ಉಗುಳುತ್ತಾಳೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದನ್ನು ಬಯಸಿಯೇ ಹೋಗಿದ್ದೆ. ಅವಳು ಎಲೆ ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡಳು, ಅಷ್ಟೇ.

"ಎಲ್ಲೈತಿ?"

ಡಬ್ಬಿಯನ್ನು ಮಂಚದ ಮೇಲಿಟ್ಟೆ. ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿದಳು. "ಇದೇನ?"

"ಅದ. ಕೊಳತ ಹೋಗೇತಿ."

ಬೆರಳಿಗೆ ಹತ್ತಿದ ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕೇಳಿದಳು — ಆ ದನಿ ಎಂಬತ್ತೆರಡು ವರ್ಷದ ಮುದುಕಿಯದಾಗಿರಲಿಲ್ಲ, ತೀರಾ ಸಣ್ಣ ಮಗುವಿನದಾಗಿತ್ತು: "ಹೆಂಗಿದ್ಲು?"

ಹೇಳಿದೆ. ಬಾಗಿಲು, ದೀಪ, ಅಂಗೈ, ಕುಂಕುಮ, ಒಂಚೂರು ಮೇಲಿದ್ದ ಎಡ ಹುಬ್ಬು. ಗೌಸಬಿ ಕಣ್ಣು ಮುಚ್ಚಿಕೊಂಡಳು. ಮೊಮ್ಮಗಳು ಬಂದು ಅಜ್ಜಿಯ ಪಕ್ಕ ಕುಳಿತಳು. ಗೌಸಬಿಯ ಮುಖ ಬಿಚ್ಚಿಕೊಳ್ಳುವುದನ್ನು ಕಂಡೆ. ಆಗ ನನಗೆ — ನಾಚಿಕೆಗೇಡು, ಆದರೂ ಬರೆಯುತ್ತೇನೆ — ನಾನೇನೋ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತು. ಉಮೇದಿನಿಂದ ಮುಂದೆ ಹೇಳಿದೆ: ಅಳುವ ಹೊತ್ತಿಗೆ ನಕ್ಕದ್ದು, ಮುಂದಿನ ಹಲ್ಲಿನ ಸಂದಿ, ಬಾಯಿಗೆ ಕೈ ಅಡ್ಡ ಹಿಡಿದದ್ದು.

ಅವಳು ಕಣ್ಣು ತೆರೆದಳು. ಮುಖ ಮುಚ್ಚಿಕೊಂಡಿತು.

"ಹಲ್ಲಿನ ಸಂದಿ ನಂದದು. ಬಾಯಿಗೆ ಕೈ ಹಿಡಿದ ನಗಾಕಿ ನಾ. ಅಷ್ಟ ವರ್ಷ ಗೇಟಿನ್ಯಾಗ ನೋಡಿದಿ. ನನ್ನ ನೋಡಿದ್ದನ್ನ ನನಗ ಹೇಳಾಕತ್ತಿ."

"ಇಲ್ಲ ಗೌಸಬಿ, ಖರೇನ ಹಂಗ ಇದ್ಲು. ನೀ ಆಕಿ ಹಂಗ ಇದ್ದಿ, ಅದಕ್ಕ—"

"ಅವತ್ತ ನಿಮ್ಮವ್ವನ ಆಣಿ ಮಾಡಿ ಇಲ್ಲಂದಿ. ಇವತ್ತ ಇದ್ಲು ಅಂತಿ. ನಾ ಯಾವ ಚನಬಸಪ್ಪನ್ನ ನಂಬ್ಲಿ?"

ದೇವರ ಆಣೆ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ತೋರಿಸಲು ಒಂದು ಚೌಕಟ್ಟು ಇಲ್ಲ. ಸಾಕ್ಷಿ ಹೇಳಲು ಇನ್ನೊಬ್ಬನಿಲ್ಲ. ಇರುವ ಒಬ್ಬನೇ ಸಾಕ್ಷಿ ನಾನು. ನನ್ನ ಮಾತಿನ ಬೆಲೆ ಎಷ್ಟು ಎಂದು ಅವಳಿಗೆ ಕಲಿಸಿದವನೂ ನಾನೇ.

"ಸಾಯೂ ಹೊತ್ತಿನ್ಯಾಗ ಪಾಪ ಕಳ್ಕೊಳ್ಳಾಕ ಬಂದಿ" ಅಂದಳು. ದನಿ ಏರಲಿಲ್ಲ. "ನಮ್ಮವ್ವ ಅದರಾಗ ಇಲ್ಲ ಅನ್ನೂದೊಂದ ನನ್ನ ಕಡೆ ಇತ್ತು. ಅದನ್ನ ಕಟ್ಕೊಂಡ ಹೆಂಗೋ ಇಷ್ಟ ವರ್ಷ ತೆಗದೆ. ಇದ್ಲು, ಕೈಯಾಗಿಂದ ಹೋದ್ಲು ಅಂದ್ರ ನಾ ಇನ್ನ ಈ ವಯಸ್ಸಿನ್ಯಾಗ ಎಲ್ಲಿ ಕುಂತ ಅಳ್ಲಿ? ಇಲ್ಲ ಅಂದಿದ್ದ ಖರೇ ಇರ್ಲಿ. ತಗೊಂಡ ಹೋಗ್ರಿ ಇದನ್ನ."

ಮತ್ತೆ ಎಲೆ ಆರಿಸತೊಡಗಿದಳು. ಬೆರಳಿಗೆ ಹತ್ತಿದ್ದ ಆ ಕಂದು ಪುಡಿಯನ್ನು ಮಾತ್ರ ಒರೆಸಿಕೊಂಡಿರಲಿಲ್ಲ, ಆ ಬೆರಳನ್ನು ಎಲೆಗೆ ತಾಗದಂತೆ ಎತ್ತಿ ಹಿಡಿದಿದ್ದಳು. ನಾನು ಡಬ್ಬಿ ತೆಗೆದುಕೊಂಡೆ. ತಪ್ಪಾಯಿತು ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಅವಳು ಕೇಳಿಸಿಕೊಳ್ಳಲಿಲ್ಲ.

ಮೊಮ್ಮಗಳು ಬಾಗಿಲವರೆಗೆ ಬಂದಳು. ಅಜ್ಜಿಗೆ ಕೇಳದಂತೆ ದನಿ ತಗ್ಗಿಸಿ, "ಅಜ್ಜಾರ, ಖರೇನ ಇದ್ಲೇನ್ರಿ ನಮ್ಮ ಮುತ್ತಜ್ಜಿ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಗೌಸಬಿ ಅಂದಳು: "ಅವರ್ನೇನ ಕೇಳ್ತಿ? ಅವರಿಗೇನ ಗೊತ್ತಿಲ್ಲ. ಬಾ ಒಳಗ."

ಹುಡುಗಿ ಒಳಗೆ ಹೋದಳು. ನನಗೆ ಗೊತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.